ಕೆಂಪು ಗೆರೆ, ಕಚ್ಚಿನ ಕೋಲು

ಅಳತೆಯಲ್ಲಿ ಎರಡು ಬಗೆ. ಅಳೆಯಬೇಕಾದ ವಸ್ತುವನ್ನು ಮುಟ್ಟಿಯೇ ಅಳೆಯುವುದು ಮೊದಲನೆಯದು. ಬಳ್ಳದಲ್ಲಿ ಜೋಳ ಅಳೆಯುವವನು, ಬಾವಿಗೆ ಹಗ್ಗ ಇಳಿಬಿಟ್ಟು ನೀರಿನ ಆಳ ನೋಡುವವನು ಈ ಬಗೆಗೆ ಸೇರಿದವರು. ವಸ್ತು ಒಂದೆಡೆ, ಅಳೆಯುವವನು ಇನ್ನೊಂದೆಡೆ, ನಡುವೆ ಸುದ್ದಿಯನ್ನು ಹೊತ್ತು ತರುವ ಒಬ್ಬ ಮಧ್ಯವರ್ತಿ ಇರುವುದು ಎರಡನೆಯದು. ಮೋಟಾರಿನ ಇಂಧನಮಾಪಕ, ಎಂದರೆ ಜನರ ಬಾಯಲ್ಲಿರುವ ಪೆಟ್ರೋಲ್ ಮೀಟರ್, ಈ ಎರಡನೆಯ ಜಾತಿಯದು. ಪೆಟ್ರೋಲು ಹಿಂಬದಿಯ ಟ್ಯಾಂಕಿನಲ್ಲಿರುತ್ತದೆ. ನೋಡುವ ಕಣ್ಣು ಮುಂಬದಿಯಲ್ಲಿರುತ್ತದೆ. ನಡುವಿನ ಹತ್ತು ಅಡಿ ದೂರವನ್ನು ಸುದ್ದಿ ಹೇಗೆ ದಾಟಿ ಬರುತ್ತದೆ ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಅದು ತಪ್ಪಿದಾಗ ಮಾತ್ರ ವಿಚಾರಣೆ ಪ್ರಾರಂಭವಾಗುತ್ತದೆ, ಮತ್ತು ಆಗ ವಿಚಾರಣೆಗೆ ಒಳಗಾಗುವುದು ಯಾವಾಗಲೂ ಮೀಟರೇ ಆಗಿರಬೇಕೆಂದಿಲ್ಲ.

ಗದಗಿನ ಅರಳೆ ವ್ಯಾಪಾರಿಗಳ ಮನೆತನವೊಂದರಲ್ಲಿ 1949ರಲ್ಲಿ ಹುಟ್ಟಿ, ಮೂವತ್ತು ವರ್ಷಕ್ಕೂ ಮಿಗಿಲಾಗಿ ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿ 2007ರಲ್ಲಿ ನಿವೃತ್ತರಾದ ಪ್ರಾಧ್ಯಾಪಕರೊಬ್ಬರ ಬಳಿ ಇಂತಹದೊಂದು ಮೀಟರ್ ಇತ್ತು. ಅವರ ತಂದೆ 1946ರಲ್ಲಿ ಮುಂಬಯಿಯಿಂದ ಎರಡನೆಯ ಕೈಯಾಗಿ ಕೊಂಡು ತಂದ 1932ರ ಫೋರ್ಡ್ ವಿ-8 ಕಾರು ಅದು. 1965ರ ಸುಮಾರಿಗೆ ಗಿರಣಿಯ ಹಿಂಬದಿಯ ಶೆಡ್ಡು ಸೇರಿದ್ದು, ಅಲ್ಲಿಯೇ ಉಳಿಯಿತು. ಅರಳೆಯ ಧೂಳು ಅದರ ಮೇಲೆ ಕಂಬಳಿಯಂತೆ ಕುಳಿತಿತ್ತು. ನಿವೃತ್ತಿಯ ಅನಂತರ ಪ್ರಾಧ್ಯಾಪಕರು ಅದನ್ನು ಹೊರಗೆಳೆದು ಒಂದೊಂದೇ ಭಾಗವನ್ನು ಬಿಚ್ಚತೊಡಗಿದರು. ಎಂಜಿನ್ನಿನದೇ ಒಂದು ದೊಡ್ಡ ಕಥೆ. ಅದು ಇಲ್ಲಿ ಬೇಡ. 2010ರ ಮಳೆಗಾಲದ ಹೊತ್ತಿಗೆ ಕಾರು ನಡೆಯುವ ಸ್ಥಿತಿಗೆ ಬಂದಿತ್ತು, ಬ್ರೇಕು ಹಿಡಿಯುತ್ತಿತ್ತು, ದೀಪ ಉರಿಯುತ್ತಿತ್ತು. ಪೆಟ್ರೋಲ್ ಮೀಟರ್ ಮಾತ್ರ ಸುಮ್ಮನೆ ಕುಳಿತಿತ್ತು. ಆ ಮನೆಯಲ್ಲಿ ಆ ಮೀಟರಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅದರ ಕಾರಣ ಮುಂದೆ ಬರುತ್ತದೆ.

ಮುಂಫಲಕದ ನಡುವೆ ಅಂಡಾಕಾರದ ಒಂದು ಲೋಹದ ತಗಡು. ಅದರ ಮಧ್ಯದಲ್ಲಿ ವೇಗಮಾಪಕ, ಒಂದು ಪಕ್ಕಕ್ಕೆ ವಿದ್ಯುತ್ತಿನ ಮೀಟರ್, ಇನ್ನೊಂದು ಪಕ್ಕಕ್ಕೆ ಪೆಟ್ರೋಲಿನದು. ಈ ಮೂರನೆಯದರಲ್ಲಿ ಮುಳ್ಳೇ ಇಲ್ಲ. ಉದ್ದನೆಯ ಒಂದು ಸೀಳು, ಸೀಳಿನೊಳಗೆ ಗಾಜಿನ ಸಪೂರ ಕೊಳವೆ, ಬದಿಗೆ ಪೂರ್ಣ, ಅರ್ಧ, ಖಾಲಿ ಎಂಬ ಗುರುತುಗಳು. ಕೊಳವೆ ಒಣಗಿತ್ತು. ನೋಡಲು ಬಂದ ಮೆಕ್ಯಾನಿಕ್ಕುಗಳಲ್ಲಿ ಒಬ್ಬ ಮುಳ್ಳು ಮುರಿದು ಬಿದ್ದಿದೆ ಎಂದ. ಇನ್ನೊಬ್ಬ ವೈರು ಕಿತ್ತುಹೋಗಿದೆ ಎಂದ. ಮೂರನೆಯವನು ಅನುಭವಸ್ಥ, ಹಳೆಯ ಜೀಪಿನ ಮೀಟರನ್ನು ಒಳಗೆ ಕೂರಿಸಿ, ಟ್ಯಾಂಕಿನಲ್ಲಿ ಹೊಸ ತೇಲುಗುಂಡು ಹಾಕಿ, ಹೊರಗೆ ಹಳೆಯ ತಗಡನ್ನೇ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ಸಲಹೆ ಕೊಟ್ಟ. ಸಲಹೆ ತಪ್ಪೇನಲ್ಲ, ಹಳೆಯ ಕಾರುಗಳನ್ನು ಉಪಯೋಗಕ್ಕಾಗಿ ಇಟ್ಟುಕೊಂಡವರು ಅನೇಕರು ಹಾಗೆಯೇ ಮಾಡುತ್ತಾರೆ. ಪ್ರಾಧ್ಯಾಪಕರೂ ಹೆಚ್ಚುಕಡಿಮೆ ಒಪ್ಪಿದ್ದರು. ಅಳತೆ ನೋಡಿಕೊಳ್ಳಲೆಂದು ಹಳೆಯ ಮೀಟರನ್ನು ಕಳಚಿದಾಗ ಮಾತ್ರ ಅವರ ಕೈ ತಡೆಯಿತು.

ಹಳೆಯ ಮೀಟರು ಯಾವ ಜಾತಿಯದೆಂದು ತಿಳಿಯಬೇಕಾದರೆ ಅದರ ಮುಖವನ್ನು ನೋಡಿ ಪ್ರಯೋಜನವಿಲ್ಲ, ಬೆನ್ನನ್ನು ನೋಡಬೇಕು. ಬೆನ್ನಿನಲ್ಲಿ ವೈರು ಸಿಕ್ಕಿಸುವ ತಿರುಪುಗಳಿದ್ದರೆ ಅದು ವಿದ್ಯುತ್ತಿನದು. ಇಲ್ಲಿ ಅಂತಹ ತಿರುಪು ಒಂದೂ ಇರಲಿಲ್ಲ. ಇದ್ದದ್ದು ಒಂದು ಹಿತ್ತಾಳೆಯ ನಟ್ಟು, ಅದರೊಳಗೆ ಕಡ್ಡಿಯಷ್ಟು ಸಪೂರವಾದ ತಾಮ್ರದ ಕೊಳವೆಯ ತುಂಡು. ಅದನ್ನು ಎಣ್ಣೆಯ ಒತ್ತಡದ ಕೊಳವೆಯೆಂದು ಯಾರೋ ಹಿಂದೆ ಭಾವಿಸಿ ಬಾಯಿ ಮುಚ್ಚಿಬಿಟ್ಟಿದ್ದರು. ತಗಡಿನ ಹಿಂಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಹರಿದು ಒಣಗಿದ ಒಂದು ಕಲೆಯಿತ್ತು. ಬೆರಳಿಗೆ ಸ್ಪಿರಿಟ್ಟು ಹಚ್ಚಿ ಒರೆಸಿದಾಗ ಅರಿವೆಗೆ ತಿಳಿಗೆಂಪು ಬಣ್ಣ ಹತ್ತಿತು. ಗಾಜಿನ ಕೊಳವೆ ಕೆಳಗೆ ಬಾಗಿ, ಹಿಂಬದಿಯಲ್ಲಿ ಇನ್ನೊಂದು ತೋಳಾಗಿ ಮೇಲೇರಿ, ಆ ಹಿತ್ತಾಳೆಯ ನಟ್ಟನ್ನು ಸೇರಿತ್ತು. ಮೂವತ್ತು ವರ್ಷ ಪ್ರತಿ ಜೂನಿನಲ್ಲಿ ಕರಿಹಲಗೆಯ ಮೇಲೆ ಅವರು ಬರೆಯುತ್ತ ಬಂದ ಯು ಆಕಾರದ ಕೊಳವೆಯೇ ಅದು! ಮನೋಮಾಪಕವೆಂದು ಪಾಠ ಹೇಳಿದ ವಸ್ತು ತಮ್ಮದೇ ಮನೆಯ ಕಾರಿನ ಮುಂಫಲಕದಲ್ಲಿ ಕುಳಿತಿದ್ದರೂ ಅದನ್ನು ಅವರು ಗುರುತಿಸಿರಲಿಲ್ಲ. ಇದನ್ನು ಮುಂದೆ ಅವರೇ ನಗುತ್ತ ಹೇಳಿಕೊಳ್ಳುತ್ತಿದ್ದರು, ಆದರೆ ಆ ನಗೆ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ.

ಇದು ಅಮೇರಿಕದ ಮಿಚಿಗನ್ ರಾಜ್ಯದ ಆನ್ ಆರ್ಬರ್ ಊರಿನ ಕಿಂಗ್-ಸೀಲಿ ಕಂಪನಿ ತಯಾರಿಸುತ್ತಿದ್ದ ಟೆಲಿಗೇಜ್. ಇದು ಏಕೆ ಬೇಕಾಯಿತು ಎಂಬುದನ್ನು ತಿಳಿದರೆ ಇದರ ಜಾಣ್ಮೆ ತಿಳಿಯುತ್ತದೆ. ಇದಕ್ಕೆ ಹಿಂದಿನ ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ಪೆಟ್ರೋಲಿನ ಟ್ಯಾಂಕು ಮುಂಫಲಕದ ಬೆನ್ನಿಗೇ ಇತ್ತು. ಒಂದು ತೇಲುಗುಂಡು ಏರಿದಂತೆ ಇಳಿದಂತೆ ಚಾಲಕನ ಎದುರಿನ ಕಿಂಡಿಯಲ್ಲಿ ಅಂಕೆ ತಿರುಗುತ್ತಿತ್ತು. ಮಧ್ಯವರ್ತಿಯ ಅಗತ್ಯವೇ ಇರಲಿಲ್ಲ. 1932ರಲ್ಲಿ ಟ್ಯಾಂಕು ಕಾರಿನ ಹಿಂಬದಿಗೆ ಹೋಯಿತು. ಸುದ್ದಿಯನ್ನು ಮುಂದಕ್ಕೆ ತರುವ ಕೆಲಸವನ್ನು ಗಾಳಿಗೆ ಒಪ್ಪಿಸಲಾಯಿತು.

ಟ್ಯಾಂಕಿನೊಳಗೆ ಬಾಯಿ ಕೆಳಗಾದ ಒಂದು ಗಾಳಿಗೂಡು, ತಳದವರೆಗೆ ಇಳಿದಿರುತ್ತದೆ. ನೀರು ತುಂಬಿದ ಕೊಡದೊಳಗೆ ಲೋಟವನ್ನು ಬೋರಲು ಹಾಕಿ ಒತ್ತಿದರೆ ಒಳಗಿನ ಗಾಳಿ ಹೇಗೆ ಅದುಮಿಕೊಳ್ಳುತ್ತದೆಯೋ ಹಾಗೆ, ಪೆಟ್ರೋಲು ಎಷ್ಟು ಎತ್ತರವಿದೆಯೋ ಅಷ್ಟು ಭಾರ ಗಾಳಿಗೂಡಿನ ಮೇಲೆ ಬೀಳುತ್ತದೆ. ಆ ಒತ್ತಡವನ್ನು ತಾಮ್ರದ ಕೊಳವೆಯೊಳಗಿನ ಗಾಳಿ ಮುಂದಕ್ಕೆ ಒಯ್ದು ಯು ಕೊಳವೆಯ ಒಂದು ತೋಳನ್ನು ಒತ್ತುತ್ತದೆ. ಇನ್ನೊಂದು ತೋಳಿನಲ್ಲಿ, ಎಂದರೆ ಕಣ್ಣಿಗೆ ಕಾಣುವ ಗಾಜಿನಲ್ಲಿ, ಕೆಂಪು ದ್ರವ ಮೇಲೇರುತ್ತದೆ. ದ್ರವದ ಹೆಸರು ಅಸಿಟಿಲೀನ್ ಟೆಟ್ರಾಬ್ರೊಮೈಡ್; ಬಣ್ಣ ಮಾತ್ರ ಬೆರೆಸಿದ್ದು. ಇದೇ ಏಕೆ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ. ಈ ದ್ರವ ನೀರಿಗಿಂತ ಹತ್ತಿರ ಹತ್ತಿರ ಮೂರು ಪಟ್ಟು, 2.96ರಷ್ಟು, ಭಾರ, ಪೆಟ್ರೋಲು ನೀರಿನ ಮುಕ್ಕಾಲು ಭಾಗದಷ್ಟು. ಹಾಗಾಗಿ ಎಂಟು ಅಂಗುಲ ಪೆಟ್ರೋಲಿಗೆ ಗಾಜಿನಲ್ಲಿ ಎರಡು ಅಂಗುಲ ಗೆರೆ ಏರುತ್ತದೆ. ನೀರನ್ನೇ ಹಾಕಿದ್ದರೆ ಆರು ಅಂಗುಲದ ಗಾಜು ಬೇಕಾಗುತ್ತಿತ್ತು, ಅಷ್ಟು ಜಾಗ ಫಲಕದಲ್ಲಿಲ್ಲ. ಪಾದರಸ ಹಾಕಿದ್ದರೆ ಅರ್ಧ ಅಂಗುಲವೂ ಏರುತ್ತಿರಲಿಲ್ಲ, ಓದುವುದು ಹೇಗೆ?

ಈ ಒತ್ತಡ ಎಷ್ಟು ಅಲ್ಪವೆಂದರೆ, ಮನುಷ್ಯ ಬಾಯಿಂದ ಊದಿದ ಉಸಿರು ಇದಕ್ಕಿಂತ ಎಷ್ಟೋ ಬಲವಾದದ್ದು. ಕೊಳವೆ ಕಟ್ಟಿದೆಯೆಂದು ಯಾರಾದರೂ ಹಿಂದಿನಿಂದ ಜೋರಾಗಿ ಊದಿದರೆ ಕೆಂಪು ದ್ರವವೆಲ್ಲ ಮೇಲಿನಿಂದ ಚೆಲ್ಲಿಹೋಗುತ್ತದೆ. ತಗಡಿನ ಬೆನ್ನಿನ ಕಲೆಗೆ ಅದೇ ಕಾರಣ.

ಜೀಪಿನ ಮೀಟರನ್ನು ಪ್ರಾಧ್ಯಾಪಕರು ಹಿಂದಿರುಗಿಸಿದರು. ಕೆಲಸ ಸುಮಾರು ಮೂರು ತಿಂಗಳು ನಡೆಯಿತು. ಗಾಜನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ದಾರದಿಂದ ಒಳಗೆಲ್ಲ ಉಜ್ಜಿ ತೊಳೆದರು. ದ್ರವವನ್ನು ದೊರಕಿಸುವುದು ಕಷ್ಟವಾಗಬಹುದೆಂದು ಭಾವಿಸಿದ್ದರು. ಆದರೆ ಖನಿಜಗಳನ್ನು ಭಾರದ ಮೇಲೆ ಬೇರ್ಪಡಿಸಲು ಭೂವಿಜ್ಞಾನದವರು ಇದೇ ದ್ರವವನ್ನು ಬಳಸುತ್ತಾರೆಂಬುದು ನೆನಪಾಗಿ, ಹಳೆಯ ಸಹೋದ್ಯೋಗಿಯೊಬ್ಬರಿಂದ ಚಿಕ್ಕ ಸೀಸೆಯಲ್ಲಿ ತಂದರು. ಇದು ವಿಷ, ಇದರ ಆವಿ ಯಕೃತ್ತನ್ನು ಕೆಡಿಸುತ್ತದೆ. ಕೈಗವಸು ಹಾಕಿ, ಅಂಗಳದ ಗಾಳಿಯಲ್ಲಿ ಕುಳಿತು, ಹನಿಹನಿಯಾಗಿ ಹಾಕಿ, ಹಿಂದಿನ ಕೊಳವೆಯನ್ನು ಜೋಡಿಸುವ ಮೊದಲೇ ಗೆರೆಯನ್ನು ಖಾಲಿ ಗುರುತಿಗೆ ಸರಿಯಾಗಿ ನಿಲ್ಲಿಸಿದರು. ತಾಮ್ರದ ಕೊಳವೆಯನ್ನು ಎರಡೂ ತುದಿಯಲ್ಲಿ ಬಿಡಿಸಿ ಸೈಕಲ್ಲಿಗೆ ಗಾಳಿ ತುಂಬುವ ಕೈಪಂಪಿನಿಂದ ನಿಧಾನವಾಗಿ ಊದಿದರು. ಗ್ಯಾರೇಜಿನ ಯಂತ್ರದ ಗಾಳಿಯಲ್ಲಿ ತೇವವಿರುತ್ತದೆ; ಒಂದು ಹನಿ ನೀರು ಒಳಗೆ ಉಳಿದರೂ ಅಳತೆ ಸುಳ್ಳಾಗುತ್ತದೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ರಂಧ್ರವೊಂದಿದೆ, ಅದಕ್ಕೂ ಮಣ್ಣು ಮೆತ್ತಿತ್ತು, ಸೂಜಿಯಿಂದ ಬಿಡಿಸಿದರು.

ಎಲ್ಲವನ್ನೂ ಜೋಡಿಸಿ ಅಳೆದ ಕ್ಯಾನಿನಿಂದ ಪೆಟ್ರೋಲು ಸುರಿದರು. ಗೆರೆ ತೀರ ಕೆಳಗೇ ನಿಂತಿತು. ಮೆಕ್ಯಾನಿಕ್ಕು ತಲೆಯಾಡಿಸಿದ. ಆದರೆ ಈ ಮಾಪಕದ ವಿಶೇಷವೇ ಅದು. ಗಾಳಿಗೂಡಿನಲ್ಲಿ ಗಾಳಿಯಿಲ್ಲದಿದ್ದರೆ ಅದು ಮಾತಾಡುವುದಿಲ್ಲ, ಮತ್ತು ಗಾಳಿ ಹೊರಗಿನಿಂದ ಯಾರೂ ತುಂಬಿ ಬರುವುದಿಲ್ಲ. ಕಾರು ನಡೆದಾಗ ಟ್ಯಾಂಕಿನ ಪೆಟ್ರೋಲು ತುಳುಕುತ್ತದೆ. ತುಳುಕಿದ್ದು ಒಂದು ಪುಟ್ಟ ಬಟ್ಟಲಿಗೆ ಬೀಳುತ್ತದೆ. ಅಲ್ಲಿಂದ ಸಣ್ಣ ನಾಳದಲ್ಲಿ ಇಳಿಯುವಾಗ ಗಾಳಿಯ ಗುಳ್ಳೆಗಳನ್ನು ಜೊತೆಗೆ ಹೊತ್ತೊಯ್ದು ಗೂಡಿನಲ್ಲಿ ಬಿಡುತ್ತದೆ. ಎಂದರೆ ವಾಹನವು ನಡೆದಷ್ಟೂ ಮಾಪಕಕ್ಕೆ ಉಸಿರು. ಪ್ರಾಧ್ಯಾಪಕರು ಲಕ್ಕುಂಡಿಯವರೆಗೆ ಹೋಗಿ ಬಂದರು. ಹೋಗುವಾಗಲೇ ಗೆರೆ ಅಲುಗುತ್ತ ಅಲುಗುತ್ತ ಏರಿತು. ಹಿಂದಿರುಗಿ ಅಂಗಳಕ್ಕೆ ಬಂದಾಗ ಅರ್ಧದ ಗುರುತಿನಲ್ಲಿ ನಿಂತಿತ್ತು. ಕೋಲು ಹಾಕಿ ನೋಡಿದರು; ಸರಿಯಾಗಿ ಅರ್ಧವೇ. ಮನೆಯವರನ್ನೆಲ್ಲ ಕರೆದು ತೋರಿಸಿ, ಶೆಡ್ಡಿಗೆ ಬೀಗ ಹಾಕಿ, ಕೀಲಿಕೈಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿದರು.

ಬೆಳಿಗ್ಗೆ ಬೀಗ ತೆಗೆದು ನೋಡಿದರೆ ಕೆಂಪು ಗೆರೆ ಖಾಲಿಯ ಹತ್ತಿರ ಇಳಿದಿತ್ತು.

ನೆಲದ ಮೇಲೆ ತೇವವಿಲ್ಲ, ವಾಸನೆಯಿಲ್ಲ. ಕೋಲು ಇಳಿಬಿಟ್ಟರು. ಒದ್ದೆಯ ಗುರುತು ನಿನ್ನೆಯ ಜಾಗದಲ್ಲೇ ಇತ್ತು. ಪೆಟ್ರೋಲು ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಕೋಲನ್ನು ಕೈಯಲ್ಲಿ ಹಿಡಿದುಕೊಂಡು ಅವರು ಶೆಡ್ಡಿನೊಳಗೆ ಬಹಳ ಹೊತ್ತು ನಿಂತಿದ್ದರೆಂದು ಮನೆಯವರು ಹೇಳುತ್ತಾರೆ. ಕರೆದರೂ ಓಗೊಡಲಿಲ್ಲವಂತೆ.

1958ರ ಜನವರಿಯಲ್ಲಿ ಅವರು ಎಂಟು ವರ್ಷದ ಬಾಲಕ. ಕಾರಿಗೆ ಒಬ್ಬ ಚಾಲಕನಿದ್ದ. ಕಾರು ಮನೆಗೆ ಬಂದ ವರ್ಷವೇ ಕೆಲಸಕ್ಕೆ ಸೇರಿದ್ದವನು. ಬಾಲಕನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೀರಿಂಗ್ ಹಿಡಿಸುತ್ತಿದ್ದವನು. ಆ ಚಳಿಗಾಲದಲ್ಲಿ ಸಾಹುಕಾರರು ಪ್ರತಿದಿನ ಸಂಜೆ ಕಾರು ನಿಂತ ಮೇಲೆ ಮೀಟರ್ ನೋಡಿ ಬರೆದಿಡುತ್ತಿದ್ದರು. ಬೆಳಿಗ್ಗೆ ಮತ್ತೆ ನೋಡುತ್ತಿದ್ದರು. ರಾತ್ರಿಯಲ್ಲಿ ಪೆಟ್ರೋಲು ಕಡಿಮೆಯಾಗುತ್ತಿತ್ತು. ಕಾರಿನ ಕೀಲಿಕೈ ಇಬ್ಬರ ಬಳಿ ಮಾತ್ರ. ಒಂದು ಮುಂಜಾನೆ ಅಂಗಳದಲ್ಲಿ ನಡೆದ ಮಾತು ಪ್ರಾಧ್ಯಾಪಕರಿಗೆ ಅಕ್ಷರಶಃ ನೆನಪಿದೆ.

"ಸಾವ್ಕಾರ್ರ, ಕೋಲ ಹಾಕಿ ನೋಡ್ರಿ. ಎಣ್ಣಿ ಇದ್ದಷ್ಟ ಐತಿ."

"ಕೋಲ ನಿಂದು, ಅದಕ್ಕ ಕಚ್ಚ ಹಾಕಿದಾವ ನೀನು. ಮೀಟರ ಅಮೇರಿಕಾದ್ದು."

"ಗಾಡಿ ನಿಂತ್ರ ಅದು ಇಳಿತೈತ್ರಿ, ನಡದ್ರ ತಿರುಗಿ ಏರತೈತಿ. ನಾ ದಿನಾ ನೋಡತೇನ್ರಿ."

ನೆರೆದವರು ನಕ್ಕಿದ್ದರು. ಟ್ಯಾಂಕಿನಿಂದ ಹೋದ ಪೆಟ್ರೋಲು ಕಾರು ನಡೆದರೆ ತಿರುಗಿ ಬರುವುದುಂಟೆ? ಸಿಕ್ಕಿಬಿದ್ದವನು ಹೇಳುವ ಸುಳ್ಳಿನಲ್ಲಿಯೂ ಒಂದು ಅಂದಚಂದ ಬೇಡವೆ ಎಂದು ಯಾರೋ ಹಾಸ್ಯ ಮಾಡಿದರು. ಸಾಹುಕಾರರು ಹಿಂದಿನ ಆಸನದಲ್ಲಿ ಕುಳಿತು ಪ್ರಯಾಣ ಮಾಡುವವರು. ಕಾರು ನಡೆಯುವಾಗ ಆ ಗೆರೆಯನ್ನು ನೋಡುತ್ತಿದ್ದ ಕಣ್ಣು ಆ ಊರಿನಲ್ಲಿ ಒಂದೇ ಒಂದು, ಚಾಲಕನದು. ಅಂದೇ ಆತನನ್ನು ಕೆಲಸದಿಂದ ತೆಗೆಯಲಾಯಿತು. ಬಾಲಕ ಬಾಗಿಲ ಮರೆಯಲ್ಲಿ ನಿಂತಿದ್ದ. ಆತ ಹೋಗುವಾಗ ತಿರುಗಿ ನೋಡಲಿಲ್ಲ.

ಐವತ್ತೆರಡು ವರ್ಷಗಳ ಅನಂತರ, ಅದೇ ಕಾರಿನ ಪಕ್ಕದಲ್ಲಿ, ಬೀಗ ಹಾಕಿದ ಶೆಡ್ಡಿನೊಳಗೆ, ಕೀಲಿಕೈ ತಮ್ಮ ತಲೆದಿಂಬಿನ ಕೆಳಗಿದ್ದ ರಾತ್ರಿ ಅದೇ ಗೆರೆ ಇಳಿದದ್ದನ್ನು ಪ್ರಾಧ್ಯಾಪಕರು ನೋಡುತ್ತಿದ್ದರು.

ದೋಷವನ್ನು ಹುಡುಕುವುದು ಅವರಿಗೆ ಕಷ್ಟವಾಗಲಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಬಳಸುತ್ತಿದ್ದಂತಹ ನೀರಿನ ಮನೋಮಾಪಕವೊಂದನ್ನು ಕಟ್ಟಿ, ತಾಮ್ರದ ಕೊಳವೆಯ ಒಂದು ತುದಿ ಮುಚ್ಚಿ, ಇನ್ನೊಂದರಿಂದ ಸ್ವಲ್ಪವೇ ಊದಿ ಬಿಗಿದು ಕಾದರು. ಗಂಟೆ ಕಳೆಯುವುದರೊಳಗೆ ನೀರು ಇಳಿಯಿತು. ಸಾಬೂನಿನ ನೊರೆ ಹಚ್ಚುತ್ತ ಹೋದಾಗ, ಚಾಸಿಯ ಎಡಪಟ್ಟಿಯ ಒಳಮೈಯಲ್ಲಿ ಒಂದೆಡೆ ಅತಿ ಸಣ್ಣ ಗುಳ್ಳೆಗಳು ಎದ್ದವು. ಕೊಳವೆಯನ್ನು ಬಿಗಿದು ಹಿಡಿಯುವ ಕ್ಲಿಪ್ಪು ಯಾವ ಕಾಲದಲ್ಲೋ ಉದುರಿಹೋಗಿ, ಕಾರಿನ ಕುಲುಕಾಟಕ್ಕೆ ತಾಮ್ರವು ಉಕ್ಕಿಗೆ ಉಜ್ಜಿ ಉಜ್ಜಿ ಸವೆದು ಕೂದಲೆಳೆಯಂತಹ ಬಿರುಕು ಬಿಟ್ಟಿತ್ತು. ಆ ಬಿರುಕಿನಿಂದ ರಾತ್ರಿಯಿಡೀ ಗಾಳಿ ಜಾರಿಹೋಗುತ್ತಿತ್ತು. ಗಾಳಿ ಹೋದಂತೆ ಗೂಡಿನೊಳಗೆ ಪೆಟ್ರೋಲು ಏರಿ ಕುಳಿತು ಒತ್ತಡ ತಗ್ಗುತ್ತಿತ್ತು, ಗೆರೆ ಇಳಿಯುತ್ತಿತ್ತು. ಬೆಳಿಗ್ಗೆ ಕಾರು ನಡೆದಾಗ, ಸೋರುವುದಕ್ಕಿಂತ ಹೆಚ್ಚು ಗಾಳಿ ಸೇರಿ ಗೆರೆ ಮತ್ತೆ ಏರುತ್ತಿತ್ತು. ಚಾಲಕ ಹೇಳಿದ್ದು ಯಥಾವತ್ತಾಗಿ ಇದನ್ನೇ. ಕಾರಣ ಆತನಿಗೆ ತಿಳಿದಿರಲಿಲ್ಲ, ಕಂಡದ್ದನ್ನು ಹೇಳಿದ್ದ. ಮಾಪಕವನ್ನು ತಯಾರಿಸಿದವರ ದೋಷವೂ ಇದರಲ್ಲಿಲ್ಲ. ಇಪ್ಪತ್ತಾರು ವರ್ಷ ಓಡಿದ ಕಾರಿನಲ್ಲಿ ಒಂದು ಕ್ಲಿಪ್ಪು ಉದುರಿತ್ತು, ಅಷ್ಟೆ.

ಪ್ರಾಧ್ಯಾಪಕರು ಫ್ರಿಜ್ ರಿಪೇರಿಯವರಲ್ಲಿ ಸಿಗುವ ಸಪೂರ ತಾಮ್ರದ ಕೊಳವೆಯನ್ನು ತಂದು ಹೊಸದಾಗಿ ಎಳೆಯುವುದಕ್ಕೆ ಮುನ್ನ ಇನ್ನೊಂದು ಕೆಲಸ ಮಾಡಿದರು. 1981ರಲ್ಲಿ ತೀರಿಕೊಂಡ ತಂದೆಯ ಖಾತೆವಹಿಗಳು ಅಟ್ಟದ ಮೇಲೆ ಗಂಟಾಗಿ ಇದ್ದವು. ಅವುಗಳಲ್ಲಿ ಮೋಟಾರಿನ ವಹಿ ಬೇರೆಯೇ ಇತ್ತು. ಸಂಜೆ ಒಂದು ಅಂಕಣ, ಮುಂಜಾನೆ ಒಂದು ಅಂಕಣ. ಸಂಜೆ ಅರ್ಧ, ಮುಂಜಾನೆ ಕಾಲು. ಪೆಟ್ರೋಲು ಹಾಕಿಸದ ದಿನಗಳಲ್ಲಿಯೂ ಮುಂಜಾನೆಯ ಕಾಲು ಸಂಜೆಗೆ ಮತ್ತೆ ಅರ್ಧದ ಸಮೀಪಕ್ಕೆ ಬಂದಿತ್ತು. ಅರಳೆಯ ತೂಕದಲ್ಲಿ ತೊಲೆಯ ವ್ಯತ್ಯಾಸವನ್ನು ಹಿಡಿಯುತ್ತಿದ್ದ ಕಣ್ಣು ಇದನ್ನು ಕಂಡಿರಲಿಲ್ಲವೆ? ಕಂಡಿತ್ತು. ಅಂತಹ ಎರಡು ಸಾಲುಗಳ ಬದಿಗೆ ತಂದೆಯದೇ ಅಕ್ಷರದಲ್ಲಿ "ಅಂಜಿ ವಾಪಸು ಹಾಕಿದ" ಎಂದು ಬರೆದಿತ್ತು. ಸಂಶಯವು ಒಮ್ಮೆ ಮನೆಯೊಳಗೆ ಬಂದರೆ ತನಗೆ ವಿರುದ್ಧವಾದ ಸಾಕ್ಷಿಯನ್ನೂ ತನ್ನ ಕಡೆಯ ಸಾಕ್ಷಿಯನ್ನಾಗಿ ಮಾಡಿಕೊಳ್ಳುವ ಬಗೆ ಇದು.

ವಹಿಯನ್ನು ಅಲ್ಲಿಗೇ ಮುಚ್ಚಬಹುದಿತ್ತು. ಅವರು ಮುಂದಿನ ಹಾಳೆ ತಿರುವಿದರು. ಚಾಲಕನ ಲೆಕ್ಕದಲ್ಲಿ "ಪೆಟ್ರೋಲ್ ಬಾಬತ್ತು ಪಗಾರ ಕಡಿತ" ಎಂದು ಮೂವತ್ತೈದು ರೂಪಾಯಿಯ ನಮೂದು. ಆಮೇಲೆ ಹೊಸ ಚಾಲಕನ ಕಾಲದ ಮೂರು ವಾರಗಳ ಅಂಕೆಗಳು. ಸಂಜೆ ಅರ್ಧ, ಮುಂಜಾನೆ ಕಾಲು. ಸಂಜೆ ಮುಕ್ಕಾಲು, ಮುಂಜಾನೆ ಅರ್ಧಕ್ಕಿಂತ ಕೆಳಗೆ. ಕಾರಿನ ಕೀಲಿಕೈ ಈಗ ಒಬ್ಬರ ಬಳಿ ಮಾತ್ರ, ಸಾಹುಕಾರರ ಬಳಿ. ಮೂರನೆಯ ವಾರದ ಕೊನೆಗೆ ಒಂದೇ ಸಾಲು: "ಮೀಟರ ದುರುಸ್ತಿ ಇಲ್ಲ." ಅದರ ಕೆಳಗೆ ಮೆಕ್ಯಾನಿಕ್ಕಿಗೆ ಕೊಟ್ಟ ಎರಡು ರೂಪಾಯಿ. ಆ ಮೆಕ್ಯಾನಿಕ್ಕೇ ಕೊಳವೆಯನ್ನು ಊದಿ ಕೆಂಪು ದ್ರವವನ್ನು ಚೆಲ್ಲಿದವನಿರಬೇಕು. ಮುಂದಿನ ಅಂಕಣಗಳೆಲ್ಲ ಖಾಲಿ.

ಎಂದರೆ ತಂದೆಗೆ ತಿಳಿದಿತ್ತು. ಚಾಲಕನನ್ನು ತಿರುಗಿ ಕರೆಸಿದ ಗುರುತು ವಹಿಯಲ್ಲಿ ಎಲ್ಲಿಯೂ ಇರಲಿಲ್ಲ. ಮೂವತ್ತೈದು ರೂಪಾಯಿ ತಿರುಗಿ ಕೊಟ್ಟ ನಮೂದೂ ಇರಲಿಲ್ಲ. ಈ ತಂದೆ ನಿರ್ದಯಿಯಾಗಿರಲಿಲ್ಲ. ಊರಿನ ಎಷ್ಟೋ ಮಕ್ಕಳ ಶಾಲೆಯ ಫೀಜು ಕಟ್ಟಿದವರು, ಬರಗಾಲದಲ್ಲಿ ಗಿರಣಿಯ ಆಳುಗಳಿಗೆ ಜೋಳ ಹಂಚಿದವರು. ಅದೆಲ್ಲವೂ ವಹಿಗಳಲ್ಲಿಯೇ ಇದೆ. ಒಬ್ಬ ಚಾಲಕನ ಮನೆಯ ಬಾಗಿಲಿಗೆ ಹೋಗಿ ನಾಲ್ಕು ಮಾತು ಹೇಳುವುದು ಅವರಿಂದಾಗಲಿಲ್ಲ. ಮಗನಾದ ಪ್ರಾಧ್ಯಾಪಕರು ಕೂಡ ಆ ವಹಿಯನ್ನು ಹಿಡಿದು ಎರಡು ತಿಂಗಳು ಸುಮ್ಮನಿದ್ದರೆಂಬುದನ್ನು ಇಲ್ಲಿ ಮರೆಮಾಡಬಾರದು. ತಂದೆಯ ಹೆಸರನ್ನು ಈಗ ಏಕೆ ಕೆದಕುವಿರಿ ಎಂದು ಮನೆಯಲ್ಲಿ ಮಾತು ಬಂದಿತ್ತು. ಆ ಮಾತಿಗೆ ಅವರಲ್ಲಿ ಉತ್ತರವಿರಲಿಲ್ಲ.

ಚಾಲಕ 1994ರಲ್ಲಿ ತೀರಿಕೊಂಡಿದ್ದ. ಮನೆ ಗದಗಿನಿಂದ ಎರಡು ಹರದಾರಿ ದೂರದ ಹಳ್ಳಿಯಲ್ಲಿ. ಪತ್ನಿಗೆ ಎಪ್ಪತ್ತೆಂಟು ದಾಟಿತ್ತು. ಮಗ ಸಾರಿಗೆ ಬಸ್ಸುಗಳ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದು ನಿವೃತ್ತನಾದವನು. 2011ರ ಜನವರಿಯಲ್ಲಿ ಪ್ರಾಧ್ಯಾಪಕರು ಅದೇ ಕಾರನ್ನು ತಾವೇ ನಡೆಸಿಕೊಂಡು ಅಲ್ಲಿಗೆ ಹೋದರು. ವಹಿಯನ್ನು ಬಿಚ್ಚಿ, ಬರೆದದ್ದನ್ನು ಬರೆದಂತೆಯೇ ಓದಿದರು. ಕೊನೆಯ ಸಾಲನ್ನೂ ಬಿಡಲಿಲ್ಲ. ಮಗನ ಮುಖ ಬಿಗಿಯಿತು. ಕಳ್ಳನ ಮಗನೆಂದು ಶಾಲೆಯಲ್ಲಿ ಕರೆಸಿಕೊಂಡವನು ಆತ. ಎದ್ದು ಹೊರಗೆ ಹೋಗಿ, ಕಾರಿನ ಸುತ್ತ ಒಂದು ಸುತ್ತು ಬಂದು, ಮತ್ತೆ ಒಳಗೆ ಬಂದು ಕುಳಿತ. ಮುದುಕಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ:

"ಈಗರೆ ಖರೇ ತೋರಸತೈತೇನ್ರಿ ಅದು?"

"ತೋರಸತೈತವ್ವಾ."

ಆಕೆ ಮಗನಿಗೆ ಏನೋ ಹೇಳಿದಳು. ಆತ ಹಿತ್ತಲಿಗೆ ಹೋಗಿ ತೊಲೆಯ ಸಂದಿನಿಂದ ಒಂದು ಬಿದಿರಿನ ಕೋಲನ್ನು ತಂದ. ಹೊಗೆಗೆ ಕಪ್ಪಾಗಿ, ಹಿಡಿದ ಜಾಗ ನುಣುಪಾಗಿ, ಬೆರಳಿನ ಗಾತ್ರದ ಕೋಲು. ಅದರ ಮೈಮೇಲೆ ಚಾಕುವಿನಿಂದ ಕೊರೆದ ಕಚ್ಚುಗಳು. ಗ್ಯಾಲನ್ನಿಗೆ ಒಂದು ಕಚ್ಚು. ಕಚ್ಚುಗಳ ನಡುವಿನ ಅಂತರ ಒಂದೇ ಸಮನಾಗಿರಲಿಲ್ಲ. ಟ್ಯಾಂಕಿನ ತಳದ ಮೂಲೆಗಳು ಬಾಗಿರುವಲ್ಲಿ ಅಂತರ ಹೆಚ್ಚು, ನಡುವೆ ಕಡಿಮೆ. ಒಂದೊಂದೇ ಗ್ಯಾಲನ್ ಸುರಿದು, ಪ್ರತಿ ಸಲ ಕೋಲು ಇಳಿಸಿ, ಒದ್ದೆಯಾದಲ್ಲಿ ಕೊರೆದವನ ಕೆಲಸ ಅದು. ಅಳತೆಯ ಶಾಸ್ತ್ರವನ್ನು ಪಾಠ ಹೇಳಿದವರು ಆ ಕೋಲನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

ಮಗ ಟ್ಯಾಂಕಿನ ಮುಚ್ಚಳ ತೆಗೆದು ಕೋಲು ಇಳಿಸಿದ. ಪ್ರಾಧ್ಯಾಪಕರು ಮುಂದೆ ಕುಳಿತು ಗೆರೆಯನ್ನು ಓದಿದರು. ಎರಡೂ ಕೂಡಿದವು. ಪ್ರಾಧ್ಯಾಪಕರು ಲಕೋಟೆಯೊಂದನ್ನು ಹೊರತೆಗೆದರು. ಮೂವತ್ತೈದು ರೂಪಾಯಿಗೆ ಐವತ್ತಮೂರು ವರ್ಷದ ಬಡ್ಡಿಯನ್ನು ಲೆಕ್ಕ ಹಾಕಿ ತಂದಿದ್ದರು. ಮುದುಕಿ ಬಡ್ಡಿಯ ಮಾತಿಗೆ ಕೈ ಅಡ್ಡ ಹಿಡಿದಳು. ಪಗಾರ ಪಗಾರವೇ, ಅದನ್ನು ಕೊಡಿ ಎಂದಳು. ಮೂವತ್ತೈದು ರೂಪಾಯಿಯನ್ನು ಎಣಿಸಿ ಸೆರಗಿಗೆ ಕಟ್ಟಿಕೊಂಡಳು.

ಮಗ ಇನ್ನೂ ಕಾರಿನ ಬಳಿಯೇ ನಿಂತಿದ್ದ. ಈಗ ನೋಡಿದ್ದು ಸಾಲದು, ನಮ್ಮಪ್ಪನ ಮೇಲೆ ಮಾತು ಬಂದದ್ದು ಮುಂಜಾನೆಯ ಲೆಕ್ಕದಿಂದ, ಮುಂಜಾನೆ ನೋಡಬೇಕು ಎಂದ. ಅದು ನ್ಯಾಯವಾಗಿಯೇ ಇತ್ತು. ಪ್ರಾಧ್ಯಾಪಕರು ಕಾರನ್ನು ಅವರ ಮನೆಯ ಮುಂದೆಯೇ ಬಿಟ್ಟರು. ಕೀಲಿಕೈಯನ್ನು ಮುದುಕಿಯ ಕೈಗೆ ಕೊಟ್ಟರು. ಆಕೆ ಅದನ್ನು ಒಳಗೆ ಒಯ್ದು ಗೂಡಿನಲ್ಲಿಟ್ಟಳು. ರಾತ್ರಿ ರೊಟ್ಟಿ, ಬದನೆಕಾಯಿ ಎಣಗಾಯಿ ಉಂಡು ಪ್ರಾಧ್ಯಾಪಕರು ಪಡಸಾಲೆಯಲ್ಲಿ ಮಲಗಿದರು. ನಿದ್ದೆ ಬರಲಿಲ್ಲವೆಂದು ಅವರೇ ಹೇಳುತ್ತಾರೆ. ಹೊಸ ಕೊಳವೆಯ ಒಂದೊಂದು ಸಂದನ್ನೂ ಮನಸ್ಸಿನಲ್ಲಿ ಮತ್ತೆ ಮತ್ತೆ ಬಿಗಿಯುತ್ತಿದ್ದರಂತೆ.

ಬೆಳಕು ಹರಿಯುವ ಮುನ್ನವೇ ಮೂವರೂ ಎದ್ದಿದ್ದರು. ಚಳಿ ಹೆಚ್ಚಾಗಿತ್ತು, ಕಾರಿನ ಗಾಜಿನ ಮೇಲೆ ಇಬ್ಬನಿ ಕುಳಿತಿತ್ತು. ಮಗ ಕೋಲು ಇಳಿಸಿ ತೆಗೆದು, ಒದ್ದೆಯ ಗುರುತಿನ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದ. ನಿನ್ನೆಯ ಕಚ್ಚಿನಲ್ಲೇ ಇತ್ತು. ಪ್ರಾಧ್ಯಾಪಕರು ಬ್ಯಾಟರಿ ಹಿಡಿದು ಒಳಗೆ ಬಾಗಿ ನೋಡಿದರು.

"ಒಂದ ಕೂದಲ ಇಳದೈತಿ," ಎಂದರು. "ಅದು ಚಳಿಗೆ. ಕೊಳವೆಯೊಳಗಿನ ಗಾಳಿ ತಣ್ಣಗಾದ್ರ..."

"ಇಳೀಲಿ ಬಿಡ್ರಿ," ಎಂದಳು ಮುದುಕಿ. "ಕೋಲ ಏನ ಅಂತೈತಿ?"